ಹುಳುಮನೆಯ ಗಾಳಿ, ನಮ್ಮ ಮನೆಯ ಗಾಳಿ

ಈ ಸಲದ ಸಂಕ್ರಾಂತಿಗೆ ನಾವು ಕೊಡಿಕೊಂಡದಲ್ಲಿದ್ದೆವು. ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಾಗೇಪಲ್ಲಿಯನ್ನು ಹಿಂದೆ ಬಿಟ್ಟು ಗಡಿಯನ್ನು ಕಳೆದ ಮೇಲೆ ಸಿಗುವ ಈ ಊರು ಲಾರಿಯವರ ಬಾಯಲ್ಲಿ ಬರಿಯ ಚೆಕ್‌ಪೋಸ್ಟು. ಲೇಪಾಕ್ಷಿಗೆ ಹೋಗುವ ಯಾತ್ರಿಕರಿಗೆ ಎಡಕ್ಕೆ ತಿರುಗಬೇಕಾದ ಒಂದು ಗುರುತು. ನಮಗೆ ಮಾತ್ರ ಸೋದರಮಾವನ ಮನೆ. ಅನಂತಪುರ ಜಿಲ್ಲೆಯೆಂದು ನಾವು ಬಾಲ್ಯದಿಂದ ವಿಳಾಸ ಬರೆಯುತ್ತಿದ್ದ ಊರು 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ಮಾವನವರ ಮನೆಯ ವಾಡಿಕೆ ಬದಲಾಗಿಲ್ಲ. ಅಂಗಡಿಯ ಮಾತು ತೆಲುಗು, ಅಡುಗೆಮನೆಯ ಮಾತು ಕನ್ನಡ.

ಹಬ್ಬದ ಮರುದಿನ ಬೆಳಗ್ಗೆ ನಡೆದುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮನೆಯವರ ಒಪ್ಪಿಗೆ ಪಡೆದು, ಬೇರೆಯವರಿಗೆ ಎಚ್ಚರವಾದೀತೆಂದು ಬರೆಯುತ್ತಿದ್ದೇವೆ. ಮಾವನವರ ಮೊಮ್ಮಗಳು, ಹದಿನಾಲ್ಕು ವರ್ಷದ ಹುಡುಗಿ, ತಲೆಗೆ ನೀರು ಹಾಕಿಕೊಳ್ಳಲೆಂದು ಬಚ್ಚಲಿಗೆ ಹೋದಳು. ಬೆಂಗಳೂರಿನಲ್ಲಿರುವ ಮಗ ಎರಡು ತಿಂಗಳ ಹಿಂದೆ, ಮುದುಕರು ಸೌದೆ ಒಟ್ಟುವ ಕಷ್ಟ ತಪ್ಪಲಿ ಎಂಬ ಸದುದ್ದೇಶದಿಂದಲೇ, ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರೊಂದನ್ನು ಹಾಕಿಸಿದ್ದರು. ಚಳಿಗಾಳಿ ನುಗ್ಗುತ್ತದೆಂದು ಮೇಲಿನ ಸಣ್ಣ ಕಿಟಕಿಗೆ ರಟ್ಟು ಅಂಟಿಸಿದ್ದಾಗಿತ್ತು. ನೀರು ಬೀಳುವ ಸದ್ದು ಬಹಳ ಹೊತ್ತು ಒಂದೇ ಸಮನೆ ಕೇಳಿಬರುತ್ತಿತ್ತು. ‘ಇನ್ನೂ ಎಷ್ಟು ಹೊತ್ತೇ?’ ಎಂದು ಅತ್ತೆಯವರು ಕೂಗಿದಾಗ ಮೊದಲ ಸಲ ‘ಬಂದೆ ಅಜ್ಜಿ’ ಎಂದಳು. ಎರಡನೆಯ ಸಲ ಉತ್ತರ ಬರಲಿಲ್ಲ. ಬಾಗಿಲನ್ನು ಒದ್ದು ತೆರೆದಾಗ ಹುಡುಗಿ ಗೋಡೆಗೊರಗಿ ಕುಸಿದಿದ್ದಳು. ನಲ್ಲಿ ಹರಿಯುತ್ತಲೇ ಇತ್ತು.

ಅಂಗಳಕ್ಕೆ ಎತ್ತಿ ತಂದು ಮಲಗಿಸಿದೆವು. ಪಕ್ಕದ ಮನೆಯವರ ಕಾರಿನಲ್ಲಿ ಹಿಂದೂಪುರದ ಆಸ್ಪತ್ರೆಗೆ ಒಯ್ದೆವು. ವೈದ್ಯರು ನಾಡಿ ಹಿಡಿದಿದ್ದಂತೆಯೇ ಕೇಳಿದ ಮೊದಲ ಪ್ರಶ್ನೆ, ‘ಗೀಸರ್ ಬಚ್ಚಲಿನ ಒಳಗಿದೆಯೇ?’ ಎಂಬುದು. ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಹುಡುಗಿ ಕಣ್ಣು ತೆರೆದು, ತಲೆ ಸಿಡಿಯುತ್ತಿದೆ ಎಂದಳು. ಅಷ್ಟು ಮಾತು ಕೇಳಿ ನಾವೆಲ್ಲ ಅತ್ತೆವು.

ಸಿಲಿಂಡರು ಸೋರಿರಲಿಲ್ಲ. ಗ್ಯಾಸಿನ ವಾಸನೆ ಬಂದಿರಲಿಲ್ಲ. ಉಪಕರಣವೂ ಕೆಟ್ಟಿರಲಿಲ್ಲ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಉರಿಯುವ ಜ್ವಾಲೆಯು ಅಲ್ಲಿದ್ದ ಆಮ್ಲಜನಕವನ್ನು ಬಳಸುತ್ತ ಹೋಗುತ್ತದೆ. ಅದು ಸಾಲದಾದಾಗ ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡು ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅಡುಗೆಯ ಅನಿಲಕ್ಕೆ ನಮಗೆ ತಿಳಿಯಲೆಂದೇ ದುರ್ವಾಸನೆಯನ್ನು ಬೆರೆಸಿರುತ್ತಾರೆ. ಉರಿಯಿಂದ ಹುಟ್ಟುವ ಈ ವಿಷಕ್ಕೆ ಅಂತಹ ಮುನ್ಸೂಚನೆಯೇ ಇಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿರುವಂತೆಯೇ ಮೈಗೆ ಆಮ್ಲಜನಕ ಮುಟ್ಟದೆ ಹೋಗುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಇವಿಷ್ಟೇ ಲಕ್ಷಣ. ಬಿಸಿನೀರಿನ ಆವಿಗೆ ಹೀಗಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಕಾಲಿನ ಬಲ ಉಡುಗಿರುತ್ತದೆ. ಬೆಂಗಳೂರಿನಿಂದ ಇಂತಹ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಓದಿ ಮಡಿಸಿಟ್ಟಿದ್ದೆವು.

ಆ ರಾತ್ರಿ ಮಾವನವರು ಊಟ ಮಾಡಲಿಲ್ಲ. ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದು, ‘ನಲವತ್ತು ವರ್ಷ ಹುಳು ಸಾಕಿದೆನಪ್ಪ. ಹುಳುಮನೆಯಲ್ಲಿ ಇದ್ದಲು ಹೊತ್ತಿಸಿ ಬಾಗಿಲು ಹಾಕಿಕೊಳ್ಳಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವನು ನಾನು. ನನ್ನ ಬಚ್ಚಲಿನಲ್ಲಿ ಅದೇ ನಡೆಯುತ್ತಿದೆ ಎಂದು ನನಗೆ ಹೊಳೆಯಲಿಲ್ಲವಲ್ಲ’ ಎಂದರು.

ಈ ಮಾತೇ ಈ ತಿಂಗಳ ನಮ್ಮ ಬರಹಕ್ಕೆ ಕಾರಣ. ಹಿಂದೂಪುರ, ಲೇಪಾಕ್ಷಿ, ಚಿಲಮತ್ತೂರು, ಮಡಕಶಿರಾ ಸುತ್ತಿನ ನಮ್ಮ ಕುಟುಂಬಗಳಲ್ಲಿ ಹಿಪ್ಪುನೇರಳೆಯ ತೋಟವನ್ನು ಕಾಣದವರು ಕಡಮೆ. ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಹೊತ್ತವರು, ಹೊರದಿದ್ದರೆ ಹೊತ್ತವರ ಮಕ್ಕಳು ನಾವು. ಒಂದು ಕೋಣೆಯ ಗಾಳಿ, ಬಿಸಿ, ತೇವ ಇವುಗಳನ್ನು ಹದವಾಗಿಟ್ಟುಕೊಳ್ಳುವ ವಿದ್ಯೆಯನ್ನು ಈ ಸೀಮೆಯ ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬಿಸಿ, ಗಾಳಿಯಲ್ಲಿ ನೂರಕ್ಕೆ 80ರಿಂದ 90 ಭಾಗ ತೇವ. ನಾಲ್ಕನೆಯ ಜ್ವರವೆದ್ದ ಮೇಲೆ 24–25 ಡಿಗ್ರಿ, ತೇವ 70ರ ಹತ್ತಿರ. ಬಿಸಿ ಏರಿದರೆ ಕಿಟಕಿಗೆ ಒದ್ದೆ ಗೋಣಿಯ ಪರದೆ. ತೇವ ಹೆಚ್ಚಿದರೆ ಹಾಸಿಗೆಗೆ ಸುಣ್ಣದ ಪುಡಿ, ಜೊತೆಗೆ ಗಾಳಿ. ಇಷ್ಟರಲ್ಲಿ ತಪ್ಪಿದರೆ ಸಪ್ಪೆ ರೋಗವೋ ಹಾಲುತೊಂಡೆಯೋ ಸುಣ್ಣಕಟ್ಟೋ ಬಂದು ತಟ್ಟೆಗಳೆಲ್ಲ ತಿಪ್ಪೆಯ ಪಾಲು. ಮಾವನವರ ಹುಳುಮನೆಯಲ್ಲಿ ಉಷ್ಣಮಾಪಕ ಗೋಡೆಯ ಮೇಲೆ ತೂಗುತ್ತಿದೆ. ಎದುರುಬದುರು ಕಿಟಕಿ, ಛಾವಣಿಯ ಅಂಚಿನಲ್ಲಿ ಬಿಸಿಗಾಳಿ ಹೋಗಲು ಜಾಲರಿ. ಹುಳುವಿಗೆ ಇಷ್ಟೆಲ್ಲ ಮಾಡುವ ನಾವು ಅದರ ಪಕ್ಕದಲ್ಲಿ ಕಟ್ಟಿಕೊಂಡ ಮನೆಗೆ ಏನು ಮಾಡಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಹಳೆಯ ಮನೆ ಹೀಗಿರಲಿಲ್ಲ. ಇಲ್ಲಿಯವರು ಮಿದ್ದೆಯೆಂದು ಕರೆಯುವ ಮಾಳಿಗೆಯ ಮನೆಯಲ್ಲಿ ತೊಲೆ, ಜಂತೆ, ಅದರ ಮೇಲೆ ಕಡ್ಡಿಯ ಹಾಸು ಅಥವಾ ಕಲ್ಲಿನ ಚಪ್ಪಡಿ, ಅದರ ಮೇಲೆ ಗೇಣುದ್ದಕ್ಕೆ ಮಣ್ಣು, ಎಲ್ಲಕ್ಕಿಂತ ಮೇಲೆ ನೀರಿಳಿಯದಂತೆ ಚೌಳು ಮಣ್ಣಿನ ಪದರ. ಮಧ್ಯಾಹ್ನದ ಬಿಸಿಲು ಅಷ್ಟು ದಪ್ಪದ ಮಣ್ಣನ್ನು ದಾಟಿ ಕೆಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ, ಹೊರಗಿನ ಗಾಳಿ ತಣ್ಣಗಾಗಿರುತ್ತಿತ್ತು. ಒಲೆಯ ನೇರಕ್ಕೆ ಗವಾಕ್ಷಿ; ತಳವೊಡೆದ ಮಡಕೆಯೊಂದನ್ನು ಮಣ್ಣಿನಲ್ಲಿ ಕೂರಿಸಿ, ಮಳೆ ಬಂದಾಗ ಮುಚ್ಚಲು ಒಂದು ಚಪ್ಪಡಿಯನ್ನು ಪಕ್ಕದಲ್ಲಿ ಇಟ್ಟಿರುತ್ತಿದ್ದರು. ಮಳೆ ಶುರುವಾದೊಡನೆ ‘ಗವಾಕ್ಷಿ ಮುಚ್ಚಿ ಬಾ’ ಎಂದು ಹಿರಿಯರು ಓಡಿಸಿದ್ದು, ಮಾಳಿಗೆ ಹತ್ತಿದವರು ನೆನೆಯುತ್ತ ಅಲ್ಲೇ ಆಡಿಕೊಂಡು ನಿಂತು ಬೈಸಿಕೊಂಡಿದ್ದು ನಮಗೆ ನೆನಪಿದೆ.

ಆದರೆ ಹಳೆಯದನ್ನೆಲ್ಲ ಹೊಗಳುವುದು ಈ ಅಂಕಣದ ಪದ್ಧತಿಯಲ್ಲ. ಗವಾಕ್ಷಿಯಿಂದ ಹೊಗೆ ಹೋಗುತ್ತಿತ್ತೆಂಬುದು ನಿಜ. ಹೋಗದೆ ಉಳಿದ ಹೊಗೆ ಯಾರ ಎದೆಗೆ ಇಳಿಯಿತೆಂಬುದು ಅತ್ತೆಯವರ ಕೆಮ್ಮನ್ನು ಕೇಳಿದವರಿಗೆ ಗೊತ್ತು. ಕಡಲೆಕಾಯಿಯ ಸಿಪ್ಪೆ, ಹಿಪ್ಪುನೇರಳೆಯ ಕಡ್ಡಿ, ಜಾಲಿಯ ಸೌದೆ ಇವುಗಳ ಹೊಗೆಯಲ್ಲಿ ಅವರು ಮೂವತ್ತು ವರ್ಷ ಮುದ್ದೆ ತೊಳಸಿದ್ದಾರೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತಮ್ಮ ಕೆಲಸವನ್ನು ಹಳ್ಳಿಗಿಳಿಸಿದರು; ಅವರು ರೂಪಿಸಿದ ಮೂರು ಪಾತ್ರೆಯ ‘ಅಸ್ತ್ರ ಒಲೆ’ ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಸೂರಿನ ಮೇಲಕ್ಕೆ ಕಳಿಸಿತು. 1980ರ ದಶಕದಲ್ಲಿ ಗಡಿಯಾಚೆಯ ನೆಂಟರ ಮನೆಗಳಲ್ಲಿ ನಾವು ಅದನ್ನು ಕಂಡಿದ್ದೆವು. ಕೊಳವೆಯಲ್ಲಿ ಮಸಿ ಕಟ್ಟಿದಾಗ ಬಡಿದು ತೆಗೆಯುವವರಿಲ್ಲದೆ ಎಷ್ಟೋ ಒಲೆಗಳು ಮತ್ತೆ ಹೊಗೆಯುಗುಳಿದವು. ಆಂಧ್ರದಲ್ಲಿ 1999ರ ‘ದೀಪಂ’ ಯೋಜನೆಯಿಂದ ಬಡ ಹೆಣ್ಣುಮಕ್ಕಳ ಮನೆಗೂ ಗ್ಯಾಸು ಬಂದಿತು. ಅದು ಬಂದುದು ಒಳ್ಳೆಯದೇ ಆಯಿತು. ಹೊಗೆ ಕಾಣದಾದುದರಿಂದ ಗವಾಕ್ಷಿಯೂ ಬೇಡವೆಂದು ತೀರ್ಮಾನಿಸಿದೆವಲ್ಲ, ಎಡವಿದ್ದು ಅಲ್ಲಿ. ಹೊಸ ತಾರಸಿಯಲ್ಲಿ ಗವಾಕ್ಷಿಯಿಲ್ಲ, ಕಿಟಕಿಗೆ ಗಾಜು, ಗಾಜಿಗೆ ಪರದೆ.

ಆದುದರಿಂದ, ಉರಿಯಿರುವ ಕಡೆ ಗಾಳಿ ಒಳಬರುವ ಒಂದು ದಾರಿ, ಹೊರಹೋಗುವ ಇನ್ನೊಂದು ದಾರಿ ಇವೆರಡೂ ಸದಾ ತೆರೆದಿರಬೇಕು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಹಾಕಿಸಲೇಬಾರದು. ಹೊರಗೋಡೆಗೆ, ತೆರೆದ ಜಾಗದಲ್ಲಿ ಹಾಕಿಸಿ ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರಬೇಕು. ಈಗಾಗಲೇ ಒಳಗಿದ್ದರೆ, ಬದಲಾಯಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟುಗಳನ್ನು ತುಂಬಿಸಿಕೊಂಡು, ಗೀಸರನ್ನು ಆರಿಸಿ, ಸ್ವಲ್ಪ ತಡೆದು ಸ್ನಾನಕ್ಕೆ ಹೋಗತಕ್ಕದ್ದು. ಒಲೆಯ ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿಕೊಂಡಿವೆ, ಇಲ್ಲವೇ ಗಾಳಿ ಸಾಲದಾಗಿದೆ ಎಂದು ತಿಳಿಯಬೇಕು. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವ ವಾಡಿಕೆ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಂಟು. ಹಿರಿಯರು ಮುನಿದರೂ ಚಿಂತೆಯಿಲ್ಲ, ಅದನ್ನು ನಿಲ್ಲಿಸಬೇಕು. ಯಾರಾದರೂ ಹೀಗೆ ಕುಸಿದರೆ ಮುಖಕ್ಕೆ ನೀರೆರಚುತ್ತ ಅಲ್ಲಿಯೇ ಕೂರದೆ, ಮೊದಲು ಬಯಲಿಗೆ ಎತ್ತಿ ತಂದು ಆಸ್ಪತ್ರೆಗೆ ಒಯ್ಯಬೇಕು.

ಹೊಗೆಯ ಮಾತು ಬಂದುದರಿಂದ ಇನ್ನೊಂದು. ಮುಚ್ಚಿದ ಮಲಗುವ ಕೋಣೆಯಲ್ಲಿ ಸೊಳ್ಳೆಯ ಸುರುಳಿಯನ್ನು ಹಚ್ಚಿಟ್ಟು ಮಲಗುವ ಮನೆಗಳು ಅನೇಕ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟಿರುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಬೀಡಿ ಸೇದುವ ಮುದುಕನನ್ನು ಹೊರಗೆ ಕಳಿಸುವ ಸೊಸೆಯಂದಿರು ಇದನ್ನೂ ಗಮನಿಸಬೇಕು. ಸೊಳ್ಳೆಪರದೆ ಕಟ್ಟಿದರೆ ಸಾಕು.

ಇನ್ನು ಬೇಸಗೆ. ಸಿಮೆಂಟಿನ ತಾರಸಿ ನಾಲ್ಕೈದು ಅಂಗುಲದ್ದು. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಾವು ಮಲಗಿದ ಮೇಲೆ ಕೆಳಕ್ಕೆ ಸುರಿಸುತ್ತದೆ. ಇದಕ್ಕೆ ಅಗ್ಗದ ಮದ್ದು ಸುಣ್ಣ. ಫಾಲ್ಗುಣದ ಕೊನೆಗೆ ತಾರಸಿಯನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದರೆ ಬಿಸಿಲಿನ ಬಹುಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ತೆಲಂಗಾಣ ಸರಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಹೊರಡಿಸಿತು. ಅದರ ಮೂಲತತ್ತ್ವವೂ ಈ ಬಿಳುಪೇ. ಬೇಸಗೆಯಲ್ಲಿ ಕಿಟಕಿಗಳನ್ನು ರಾತ್ರಿಯಿಡೀ ತೆರೆದಿಟ್ಟು ಬೆಳಗ್ಗೆ ಒಂಬತ್ತರೊಳಗೆ ಮುಚ್ಚುವುದು ಜಾಣತನ. ಗಾಳಿ ಬೇಕೆಂದ ನಾವೇ ಮುಚ್ಚಲು ಹೇಳುತ್ತಿದ್ದೇವೆಂದು ಓದುಗರು ನಗಬಾರದು. ಉರಿಯಿಲ್ಲದ ಕೋಣೆಗೆ ಮಧ್ಯಾಹ್ನದ ಬಿಸಿಗಾಳಿಯನ್ನು ಕರೆತರುವ ಅಗತ್ಯವಿಲ್ಲ. ಅಡುಗೆಮನೆಗೆ ಈ ರಿಯಾಯಿತಿ ಇಲ್ಲ.

ಕೂಲರೆಂಬುದು ಹುಳುಮನೆಯ ಒದ್ದೆ ಗೋಣಿಗೆ ಮೋಟಾರು ಕಟ್ಟಿದ ರೂಪ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ನಮ್ಮ ಸೀಮೆಯ ಏಪ್ರಿಲು, ಮೇ ತಿಂಗಳುಗಳಿಗೆ ಅದು ಹೇಳಿಮಾಡಿಸಿದಂತಿದೆ. ಕೂಲರಿನ ಎದುರಿನ ಕಿಟಕಿಯನ್ನು ತೆರೆದಿಡದಿದ್ದರೆ ತೇವವೆಲ್ಲ ಒಳಗೇ ಸುತ್ತಿ, ಕೋಣೆ ಬೇಯಿಸಿದಂತಾಗುತ್ತದೆ. ಮುಂಗಾರು ಇಳಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ ತೊಟ್ಟಿಯನ್ನು ಉಜ್ಜದಿದ್ದರೆ ಡೆಂಗೆಯ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಹವಾನಿಯಂತ್ರಕ ಇರುವವರು ಅದರ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಲಿ. ಅದು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ನಮ್ಮ ಕೊಳವೆಬಾವಿಗಳದು ಗಡುಸು ನೀರು. ಗೀಸರಿನ ಕಾಯಿಲ್ಲಿನ ಮೇಲೆ, ಸೋಲಾರಿನ ಕೊಳವೆಯೊಳಗೆ, ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿಯ ಹರಳು ಇದರದೇ. ಹರಳು ಕಟ್ಟಿದ ಕಾಯಿಲ್ಲು ಹೆಚ್ಚು ವಿದ್ಯುತ್ತನ್ನು ತಿಂದು ಕಡಮೆ ನೀರು ಕಾಯಿಸಿ, ಕೊನೆಗೆ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೆಗೆಸಬೇಕು. ನಲ್ಲಿಯ ಜಾಲರಿಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿ ನೆನೆಸಿಟ್ಟರೆ ಸಾಕು. ಇಲ್ಲಿ ಹುಳು ಸಾಕುವವರಿಗೆ ಒಂದು ವಿಶೇಷ ಎಚ್ಚರಿಕೆ. ಹುಳುಮನೆ ತೊಳೆಯಲು ತಂದ ಬ್ಲೀಚಿಂಗ್ ಪೌಡರು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಕಲೆ ಹೋಗಲೆಂದು ಪಾಯಿಖಾನೆಗೆ ಆಸಿಡ್ ಸುರಿದು, ಅದರ ಮೇಲೆ ಈ ಪುಡಿಯನ್ನೂ ಎರಚಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದೂ ಬೇಡ.

ಅದೇ ನೀರಿನಲ್ಲಿ ಹಲವೆಡೆ ಫ್ಲೋರೈಡೂ ಉಂಟು. ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲವಾದಲ್ಲಿ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಹಲ್ಲಿನ ಕಂದು ಪಟ್ಟೆ, ಹಿರಿಯರ ಬಾಗಿದ ಬೆನ್ನು ಇದರ ಗುರುತು. ಕುದಿಸಿದ ನೀರು ಕ್ಷೇಮವೆಂದು ನಂಬಿದವರಿಗೆ ತಿಳಿಸಬೇಕಾದುದೇನೆಂದರೆ, ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ; ನೀರು ಆವಿಯಾಗಿ ತಗ್ಗಿದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಮಳೆಯ ನೀರಿನಲ್ಲಿ ಈ ಪೀಡೆಯಿಲ್ಲ. ಹಳೆಯ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರು. ಬರದ ಸೀಮೆಯೆಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಆದರೂ ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷದಲ್ಲಿ ಐವತ್ತು ಸಾವಿರ ಲೀಟರು ಬೀಳುತ್ತದೆ. ಮೊದಲ ಮಳೆಗಳನ್ನು ಹೊರಕ್ಕೆ ಬಿಟ್ಟು, ಉಳಿದುದರಲ್ಲಿ ಅರ್ಧವನ್ನಾದರೂ ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕುಡಿಯಲು, ಅನ್ನಕ್ಕೆ, ಸಾರಿಗೆ ವರ್ಷಪೂರ್ತಿ ಸಾಕಾಗುತ್ತದೆ. ಈ ನೀರನ್ನು ಕುಡಿಯುವ ಮುನ್ನ ಕುದಿಸಬೇಕು. ಇಲ್ಲಿ ಕುದಿಸುವುದಕ್ಕೆ ಅರ್ಥವುಂಟು.

ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಹಬ್ಬಕ್ಕೆ ಮಾತ್ರ ಊರಿನ ಮನೆಯ ಬೀಗ ತೆಗೆಯುವ ಓದುಗರು ನಮಗೆ ಬಹಳ ಮಂದಿ ಇದ್ದಾರೆ. ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ನಾತಕ್ಕೆ ಸತ್ತ ಇಲಿಯನ್ನು ಹುಡುಕುವ ಮೊದಲು ಬಚ್ಚಲಿಗೆ ಒಂದು ಬಕೆಟ್ಟು ನೀರು ಸುರಿದು ನೋಡಿರಿ. ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಮೋರಿಯ ಗಾಳಿಗೆ ತಡೆ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ಅದು ಒಣಗಿ, ಮೋರಿಯ ಉಸಿರು ನೇರವಾಗಿ ಮನೆಗೆ ಬರುತ್ತದೆ, ಜಿರಲೆಯೂ ಬರುತ್ತದೆ. ಹೊರಡುವಾಗ ನೀರು ಸುರಿದು, ಮೇಲೊಂದು ಚಮಚ ಎಣ್ಣೆ ಹಾಕಿದರೆ ಬೇಗ ಆರುವುದಿಲ್ಲ.

ನಾವು ಕೊಡಿಕೊಂಡದಿಂದ ಹೊರಟ ದಿನ ಗಾರೆಯವನು ಬಂದಿದ್ದ. ಗೀಸರು ಅದಾಗಲೇ ಹಿತ್ತಿಲ ಗೋಡೆಯ ಹೊರಮುಖಕ್ಕೆ ಹೋಗಿತ್ತು. ಬಚ್ಚಲಿನ ಕಿಟಕಿಯ ರಟ್ಟನ್ನು ಕಿತ್ತು, ಮುಚ್ಚಲು ಬಾರದಂತೆ ಸಿಮೆಂಟಿನ ಜಾಲರಿಯನ್ನು ಕೂರಿಸಿದ್ದರು. ಅಡುಗೆಮನೆಯ ತಾರಸಿಯನ್ನು ಕೊರೆದು ಗವಾಕ್ಷಿ ಮಾಡಲಾದೀತೇ ಎಂದು ಮಾವನವರು ಕೇಳಿದರೆ, ಕಂಬಿಗೆ ಪೆಟ್ಟಾಗುತ್ತದೆ, ಗೋಡೆಯ ಮೇಲ್ತುದಿಯಲ್ಲಿ ಕಿಂಡಿ ಬಿಡೋಣ ಎಂದು ಅವನು ವಾದಿಸುತ್ತಿದ್ದ. ಹುಡುಗಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಇಬ್ಬರನ್ನೂ ನೋಡುತ್ತಿದ್ದಳು. ಹಿತ್ತಿಲಿನಲ್ಲಿ ಅತ್ತೆಯವರು ಹಳೆಯ ತಾಮ್ರದ ಹಂಡೆಯನ್ನು ಹೊರಗೆ ತೆಗೆಸಿ, ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು.